ಜಗಳವಾಡುವವರು ಬರೆದ ಸಾಫ್ಟ್‌ವೇರ್ ನಂಬಬಹುದಾ?

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಒಂದು ವಾಚನಾಲಯ ಮತ್ತು ಎರಡು ಶಾಲೆ ನಡೆಸುತ್ತೇವೆ. ಮೂರೂ ಕಡೆ ಸೇರಿ ಸುಮಾರು 14,000 ಪುಸ್ತಕಗಳಿವೆ. ಅರ್ಧಕ್ಕಿಂತ ಜಾಸ್ತಿ ಕನ್ನಡದವು. ಈಗಿನ ಪಟ್ಟಿ ಎಕ್ಸೆಲ್‌ನಲ್ಲಿದೆ, ಹಳೆಯ ನುಡಿ ಫಾಂಟಿನಲ್ಲಿ. ನನ್ನ ಅಣ್ಣನ ಮಗ ವಾಚನಾಲಯದ ಪುಸ್ತಕ, ಸದಸ್ಯರ ಲೆಕ್ಕ ನೋಡಿಕೊಳ್ಳುವ ಕೋಹಾ ಅನ್ನುವ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್ ಹಾಕಿಸಿ, ಪುಕ್ಕಟೆ ಸಿಗುತ್ತದೆ ಅನ್ನುತ್ತಾನೆ. ಒಬ್ಬ ವೆಂಡರ್ ಬಂದು, ‘ನಾವೇ ಸುಧಾರಿಸಿದ ಕೋಹಾ ನಮ್ಮಲ್ಲಿದೆ, ನಮ್ಮ ಸರ್ವರ್‌ನಲ್ಲೇ ಇಟ್ಟುಕೊಡುತ್ತೇವೆ, ವರ್ಷಕ್ಕೆ 60,000 ರೂಪಾಯಿ’ ಅಂದರು. ಕೋಹಾ ಬಳಗದಲ್ಲಿ ಹಿಂದೆ ದೊಡ್ಡ ಜಗಳವಾಗಿ ಎರಡು ಪಾಲಾಗಿತ್ತು ಎಂದು ಓದಿದೆ. ನಾನೇ ಆ ಬಳಗಕ್ಕೆ ಒಂದು ಪ್ರಶ್ನೆ ಕಳಿಸಿದಾಗ ‘ಮೊದಲು ದಾಖಲೆ ಓದಿ’ ಎಂದು ಖಾರವಾದ ಉತ್ತರ ಬಂತು. ಹೀಗೆ ಜಗಳವಾಡುವವರು ಬರೆದ ಸಾಫ್ಟ್‌ವೇರ್ ನಂಬಿ ಟ್ರಸ್ಟಿನ ಕೆಲಸ ಒಪ್ಪಿಸಬಹುದಾ?

ಉತ್ತರ: ಮೇಡಂ, ನಮಸ್ಕಾರ. ಸಾಫ್ಟ್‌ವೇರ್ ಆರಿಸಲು ಕೂತವರು ಸಾಮಾನ್ಯವಾಗಿ ಸೌಲಭ್ಯಗಳ ಪಟ್ಟಿ ಕೇಳುತ್ತಾರೆ. ಬಾರ್‌ಕೋಡ್ ಬರುತ್ತಾ, ದಂಡದ ಲೆಕ್ಕ ಬರುತ್ತಾ, ಎಸ್ಸೆಮ್ಮೆಸ್ ಹೋಗುತ್ತಾ. ಅದನ್ನು ಬರೆಯುವ ಜನ ಯಾರು, ಅವರ ನಡುವೆ ಏನು ನಡೆದಿದೆ ಎಂದು ಕೇಳುವವರು ಕಡಿಮೆ. ನೀವು ಕೇಳಿದ್ದೀರಿ. ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕೋಹಾ ಹಾಕಿಸಿ. ಆದರೆ ಆ ವೆಂಡರ್ ಹೇಳುವ ‘ಸುಧಾರಿಸಿದ ಕೋಹಾ’ ಬೇಡ. ಅವರು ಮೂಲ ಕೋಹಾವನ್ನೇ ನೋಡಿಕೊಳ್ಳಲು ಒಪ್ಪಿದರೆ ಧಾರಾಳವಾಗಿ ಅವರಿಗೇ ಕೆಲಸ ಕೊಡಿ. ಹಳೆಯ ಜಗಳಕ್ಕೆ ಹೆದರಬೇಕಾಗಿಲ್ಲ. ಕೋಹಾ ಮೇಲೆ ನನಗೆ ನಂಬಿಕೆ ಬಂದದ್ದೇ ಆ ಜಗಳ ಮುಗಿದ ರೀತಿ ನೋಡಿ. ಅದರ ಕಥೆ ಸ್ವಲ್ಪ ಉದ್ದ, ಆದರೂ ಹೇಳುತ್ತೇನೆ.

ನ್ಯೂಜಿಲೆಂಡಿನಲ್ಲಿ ಹೊರೊವೆನುವಾ ಲೈಬ್ರರಿ ಟ್ರಸ್ಟ್ ಎಂಬ ಸಣ್ಣ ಸಂಸ್ಥೆ ಇತ್ತು. ನಿಮ್ಮ ಹಾಗೆಯೇ ಕೆಲವು ವಾಚನಾಲಯ ನಡೆಸುತ್ತಿತ್ತು. 1999ರಲ್ಲಿ ಅವರಿಗೆ ಒಂದು ಸಂಕಟ ಬಂತು. ಅವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿಯ ತಾರೀಖುಗಳನ್ನು ಸಂಭಾಳಿಸುವಂತಿರಲಿಲ್ಲ. ಕ್ಯಾಟಿಪೋ ಕಮ್ಯುನಿಕೇಶನ್ಸ್ ಎಂಬ ಸ್ಥಳೀಯ ಕಂಪನಿ ಅವರಿಗೆ ಹೊಸದು ಬರೆದುಕೊಟ್ಟಿತು. 2000ದ ಜನವರಿಯಲ್ಲಿ ಅದು ಬಳಕೆಗೆ ಬಂತು. ನಮ್ಮಂಥ ಬೇರೆ ವಾಚನಾಲಯಗಳಿಗೂ ಸಿಗಲಿ ಎಂದು ಅವರು ಅದನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಎಂಬ ಲೈಸೆನ್ಸಿನಡಿ ಬಿಟ್ಟುಕೊಟ್ಟರು. ಕೋಹಾ ಅನ್ನುವುದು ಅಲ್ಲಿನ ಮಾವೊರಿ ಜನರ ಮಾತು. ಕಾಣಿಕೆ, ಉಡುಗೊರೆ ಎಂದು ಅರ್ಥ.

ಕೆಲವು ವರ್ಷ ಕಳೆಯಿತು. ಕೋಹಾ ಸುತ್ತ ವ್ಯಾಪಾರವೂ ಬೆಳೆಯಿತು. 2007ರಲ್ಲಿ ಕ್ಯಾಟಿಪೋದ ಕೋಹಾ ವ್ಯವಹಾರ ಅಮೆರಿಕದ ಲಿಬ್‌ಲೈಮ್ ಎಂಬ ಕಂಪನಿಯ ಕೈಗೆ ಹೋಯಿತು. ಕೋಹಾ ಡಾಟ್ ಆರ್ಗ್ ಎಂಬ ಜಾಲವಿಳಾಸವೂ ಅವರ ಪಾಲಾಯಿತು. 2009ರಲ್ಲಿ ಲಿಬ್‌ಲೈಮ್ ತನ್ನ ಗ್ರಾಹಕರಿಗಾಗಿ ಬೇರೆಯದೇ ಒಂದು ಕೋಹಾ ತರುವುದಾಗಿ ಹೇಳಿತು. ಅಲ್ಲಿಂದ ಬಿರುಕು ಶುರುವಾಯಿತು. 2010ರಲ್ಲಿ ಪಿಟಿಎಫ್‌ಎಸ್ ಎಂಬ ಕಂಪನಿ ಲಿಬ್‌ಲೈಮನ್ನು ಕೊಂಡಿತು. ಮಾತುಕತೆ ಸರಿಹೋಗಲಿಲ್ಲ. ಉಳಿದ ಬಳಗದವರು ಕೋಹಾ ಕಮ್ಯುನಿಟಿ ಎಂಬ ಹೊಸ ವಿಳಾಸಕ್ಕೆ ಎದ್ದು ಬಂದರು. ಆಮೇಲೆ ‘ಕೋಹಾ’ ಹೆಸರಿಗೇ ನ್ಯೂಜಿಲೆಂಡಿನಲ್ಲಿ ಕಂಪನಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದು 2011ರಲ್ಲಿ ದೊಡ್ಡ ಸುದ್ದಿಯಾಯಿತು. ಕಾಣಿಕೆ ಎಂಬ ಅರ್ಥದ ಮಾತಿನ ಮೇಲೆ ಒಂದು ಕಂಪನಿಯ ಹಕ್ಕು ಎಂದರೆ ಆ ಊರಿನವರಿಗೆ ಎಷ್ಟು ನೋವಾಗಿರಬೇಡ! ಹೊರೊವೆನುವಾ ಟ್ರಸ್ಟ್ ತಕರಾರು ಹಾಕಿತು. ಕೊನೆಗೆ ಅರ್ಜಿ ಬಿದ್ದುಹೋಯಿತು.

ಈಗ ಒಂದು ವಿಷಯ ಗಮನಿಸಿ. ಇಷ್ಟೆಲ್ಲ ನಡೆಯುವಾಗ ಕೋಹಾ ಬಳಸುತ್ತಿದ್ದ ಒಂದು ಸಾಮಾನ್ಯ ವಾಚನಾಲಯಕ್ಕೆ ಏನಾಯಿತು? ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು ಎಂದಿನಂತೆ ನಡೆಯಿತು. ಬಳಗ ಹೊಸ ವಿಳಾಸದಿಂದ ಹೊಸ ಆವೃತ್ತಿಗಳನ್ನು ಕೊಡುತ್ತಲೇ ಹೋಯಿತು. ಅದೇ 2011ರಲ್ಲಿ ಕೋಹಾದವರ ಅಂತರರಾಷ್ಟ್ರೀಯ ಸಮಾವೇಶ ನಮ್ಮ ದೇಶದಲ್ಲೇ, ಮುಂಬೈ ಪಕ್ಕದ ಠಾಣೆಯಲ್ಲಿ ನಡೆಯಿತು. ವಿಳಾಸ ಹೋಯಿತು, ಆದರೆ ಕೋಡ್ ಹೋಗಲಿಲ್ಲ, ಅದನ್ನು ಬರೆಯುವ ಜನ ಹೋಗಲಿಲ್ಲ.

ಹೀಗಾಗಲು ಒಂದು ಗಟ್ಟಿ ಕಾರಣವಿದೆ. ಕೋಹಾದ ಕೋಡ್ ಯಾರೊಬ್ಬರ ಸ್ವತ್ತೂ ಅಲ್ಲ. ನೂರಾರು ಜನ ಬರೆದಿದ್ದಾರೆ. ಅವರವರು ಬರೆದ ಭಾಗದ ಹಕ್ಕು ಅವರವರಲ್ಲೇ ಇದೆ. ಅದನ್ನು ಒಂದು ಕಂಪನಿಗೆ ಬರೆದುಕೊಡಿ ಎಂದು ಅಲ್ಲಿ ಯಾರೂ ಸಹಿ ಹಾಕಿಸಿಕೊಳ್ಳುವುದಿಲ್ಲ. ಹಾಗಾಗಿ ನಾಳೆ ಬೆಳಗ್ಗೆ ಎದ್ದು ‘ಇನ್ನು ಮುಂದೆ ಲೈಸೆನ್ಸ್ ಬೇರೆ’ ಎಂದು ಯಾರೊಬ್ಬರೂ ಹೇಳುವಂತಿಲ್ಲ. ಅಣ್ಣತಮ್ಮಂದಿರೆಲ್ಲ ಸಹಿ ಹಾಕದೆ ಪಿತ್ರಾರ್ಜಿತ ಜಮೀನು ಮಾರಲಾಗುವುದಿಲ್ಲ ಅಲ್ವಾ, ಹಾಗೆ.

ಇದು ಎಲ್ಲ ಓಪನ್ ಸೋರ್ಸ್‌ಗೂ ಇರುವ ಭಾಗ್ಯವಲ್ಲ. ರೆಡಿಸ್ ಎಂಬ ಸಾಫ್ಟ್‌ವೇರ್ ಇದೆ. ನಿಮಗೆ ಅದರ ಹೆಸರು ಗೊತ್ತಿರಬೇಕಿಲ್ಲ, ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಅದರ ಹೆಸರೂ, ಕೊನೆಯ ಮಾತೂ ಒಂದೇ ಕಂಪನಿಯ ಕೈಯಲ್ಲಿತ್ತು. 2024ರ ಮಾರ್ಚಿನಲ್ಲಿ ಆ ಕಂಪನಿ ಲೈಸೆನ್ಸ್ ಬದಲಿಸಿತು. ಅಲ್ಲಿಯವರೆಗೆ ಇದ್ದ ಸ್ವಾತಂತ್ರ್ಯ ಮುಂದಿನ ಆವೃತ್ತಿಗಳಿಗೆ ಇಲ್ಲದಾಯಿತು. ಅದೇ ತಿಂಗಳಲ್ಲಿ ಅದರ ಹಲವು ಡೆವಲಪರ್‌ಗಳು ಲಿನಕ್ಸ್ ಫೌಂಡೇಶನ್ ನೆರಳಿನಲ್ಲಿ ವಾಲ್‌ಕೀ ಎಂಬ ಕವಲು, ಅಂದರೆ ಅದೇ ಕೋಡಿನಿಂದ ಬೇರೆಯದೇ ಸಾಫ್ಟ್‌ವೇರ್, ತೆಗೆದರು. 2025ರಲ್ಲಿ ರೆಡಿಸ್ ಮತ್ತೆ ಒಂದು ಮುಕ್ತ ಲೈಸೆನ್ಸ್ ಸೇರಿಸಿತು. ಅಷ್ಟರಲ್ಲಿ ಬಳಕೆದಾರರು ಎರಡು ದಾರಿ ಹಿಡಿದಾಗಿತ್ತು. 2021ರಲ್ಲಿ ಎಲಾಸ್ಟಿಕ್‌ಸರ್ಚ್, 2023ರಲ್ಲಿ ಟೆರಾಫಾರ್ಮ್ ಎಂಬ ಸಾಫ್ಟ್‌ವೇರ್‌ಗಳು. ಅವುಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಕಂಪನಿಗಳಿಗೂ ಅವರದೇ ಕಷ್ಟವಿರುತ್ತದೆ. ತಾವು ಸಂಬಳ ಕೊಟ್ಟು ಬರೆಸಿದ್ದನ್ನು ದೊಡ್ಡ ಕ್ಲೌಡ್ ಕಂಪನಿಗಳು ಮಾರಿಕೊಂಡು ದುಡ್ಡು ಮಾಡುತ್ತವೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಆರಿಸುವವರಾಗಿ ನೀವು ನೋಡಬೇಕಾದ್ದು ಇಷ್ಟೇ: ಲೈಸೆನ್ಸ್ ಬದಲಿಸುವ ಶಕ್ತಿ ಒಬ್ಬರ ಕೈಯಲ್ಲಿದೆಯಾ?

ಹೆಸರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ಓಪನ್ಆಫೀಸ್ ಇದ್ದರೂ ಇರಬಹುದು. ಎಷ್ಟೋ ಕಡೆ ನೋಡಿದ್ದೇನೆ. ಸನ್ ಎಂಬ ಕಂಪನಿ 2000ದಲ್ಲಿ ಅದನ್ನು ಮುಕ್ತಗೊಳಿಸಿತು. 2010ರ ಆರಂಭದಲ್ಲಿ ಆರಕಲ್ ಸನ್ ಕಂಪನಿಯನ್ನೇ ಕೊಂಡಿತು. ಮುಂದೇನೋ ಎಂಬ ಅಳುಕಿನಲ್ಲಿ ಹಲವರು ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ ಲಿಬ್ರೆಆಫೀಸ್ ಶುರು ಮಾಡಿದರು. ಆರಕಲ್ 2011ರಲ್ಲಿ ಓಪನ್ಆಫೀಸನ್ನು ಅಪಾಚೆ ಫೌಂಡೇಶನ್‌ಗೆ ಕೊಟ್ಟುಬಿಟ್ಟಿತು. ಓಪನ್ಆಫೀಸ್ 4.1 ಬಂದದ್ದು 2014ರಲ್ಲಿ. ಅಲ್ಲಿಂದೀಚೆಗೆ ಬಂದದ್ದೆಲ್ಲ ಅದಕ್ಕೇ ಹಾಕಿದ ಸಣ್ಣ ತೇಪೆಗಳು. ಲಿಬ್ರೆಆಫೀಸ್ ವರ್ಷಕ್ಕೆ ಎರಡು ದೊಡ್ಡ ಆವೃತ್ತಿ ತರುತ್ತದೆ. ಜನ ಎದ್ದು ಹೋದ ಮೇಲೂ ಬಾಗಿಲ ಮೇಲಿನ ಬೋರ್ಡು ಹಾಗೇ ಉಳಿಯುತ್ತದೆ. ಹೊಸಬರು ಬೋರ್ಡು ನೋಡಿ ಒಳಗೆ ಹೋಗುತ್ತಾರೆ. ನಿಮ್ಮಲ್ಲಿ ಓಪನ್ಆಫೀಸ್ ಇದ್ದರೆ ಈ ವಾರವೇ ಲಿಬ್ರೆಆಫೀಸ್‌ಗೆ ಬದಲಿಸಿ. ಕಡತಗಳೆಲ್ಲ ಹಾಗೇ ತೆರೆಯುತ್ತವೆ.

ಇದಕ್ಕೇ ನಾನು ಯಾವ ಯೋಜನೆಯನ್ನಾದರೂ ನೋಡುವಾಗ ಮೊದಲು ಕಳೆದ ಒಂದು ವರ್ಷದ ಕೆಲಸದ ದಾಖಲೆ ತೆರೆದು ಕೂರುತ್ತೇನೆ. ಎಷ್ಟು ಬೇರೆ ಬೇರೆ ಹೆಸರುಗಳಿವೆ? ಅವರೆಲ್ಲ ಒಂದೇ ಕಂಪನಿಯವರಾ? ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದುತ್ತಾರಾ? ಕೋಹಾದಲ್ಲಿ ಒಬ್ಬರು ಬರೆದ ಪ್ಯಾಚನ್ನು (ಕೋಡಿನ ತಿದ್ದುಪಡಿಯನ್ನು) ಬೇರೊಬ್ಬರು ಓಡಿಸಿ ನೋಡಿ ಸಹಿ ಹಾಕಬೇಕು. ಆಮೇಲೆ ಗುಣಮಟ್ಟ ನೋಡುವ ತಂಡದವರು ನೋಡಬೇಕು. ಕೊನೆಗೆ ಆ ಅವಧಿಯ ರಿಲೀಸ್ ಮ್ಯಾನೇಜರ್ ಒಳಗೆ ಸೇರಿಸುತ್ತಾರೆ. ಆ ಜವಾಬ್ದಾರಿಗಳಿಗೆ ಆರು ತಿಂಗಳಿಗೊಮ್ಮೆ ಬಳಗದ ಸಭೆಯಲ್ಲಿ ಮತ ಹಾಕಿ ಜನರನ್ನು ಆರಿಸುತ್ತಾರೆ. ಪ್ರತಿ ವರ್ಷ ಮೇ ಮತ್ತು ನವೆಂಬರಿನಲ್ಲಿ ಹೊಸ ಆವೃತ್ತಿ ಬರುತ್ತದೆ. ಅದರ ಸಂಖ್ಯೆಯಲ್ಲೇ ವರ್ಷ, ತಿಂಗಳು ಇರುತ್ತದೆ. 24.05 ಎಂದರೆ 2024ರ ಮೇ. ನಿಮ್ಮ ಕೈಗೆ ಬಂದದ್ದು ಎಷ್ಟು ಹಳೆಯದು ಎಂದು ಸಂಖ್ಯೆ ನೋಡಿಯೇ ಹೇಳಬಹುದು.

ಬಳಗದ ರಾಜಕೀಯ ತಿಳಿಯಬೇಕಾದರೆ ಹೊಗಳಿಕೆಯ ಮಾತು ಬಿಟ್ಟು ತಕರಾರಿನ ಮಾತು ಓದಬೇಕು. ಕೋಹಾದ ದೋಷಗಳ ಪಟ್ಟಿ ಎಲ್ಲರಿಗೂ ತೆರೆದಿದೆ. ಅದರಲ್ಲಿ ತುಂಬಾ ದಿನ ಎಳೆದಾಡಿದ ಎರಡು ಮೂರು ಚರ್ಚೆ ಹುಡುಕಿ ಓದಿ. ನಿಮ್ಮ ಅಣ್ಣನ ಮಗನ ಹತ್ತಿರ ಓದಿಸಿದರೂ ಆಯಿತು. ‘ಇದು ಬೇಡ’ ಎಂದವರು ಕಾರಣ ಕೊಟ್ಟಿದ್ದಾರಾ? ಹೊಸಬರ ಮಾತಿಗೆ ಹಳಬರು ಉತ್ತರ ಕೊಟ್ಟಿದ್ದಾರಾ, ಸುಮ್ನೆ ಬದಿಗೆ ತಳ್ಳಿದ್ದಾರಾ? ಸೋತವರು ಆರು ತಿಂಗಳ ಮೇಲೂ ಅಲ್ಲೇ ಕೆಲಸ ಮಾಡುತ್ತಿದ್ದಾರಾ? ಈ ಕೊನೆಯ ಪ್ರಶ್ನೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ವಾದದಲ್ಲಿ ಸೋತ ಮೇಲೂ ಮನುಷ್ಯ ಉಳಿದುಕೊಂಡಿದ್ದಾನೆ ಎಂದರೆ ಅಲ್ಲಿ ಅವನಿಗೆ ಮರ್ಯಾದೆ ಇದೆ. ಜಗಳವೇ ಕಾಣದ ಯೋಜನೆ ಸಿಕ್ಕರೆ ನನಗೆ ಅನುಮಾನ. ಒಂದೋ ಅಲ್ಲಿ ಜನವಿಲ್ಲ, ಇಲ್ಲವೇ ತೀರ್ಮಾನಗಳು ಒಳಕೋಣೆಯಲ್ಲಿ ಆಗುತ್ತಿವೆ.

ಇನ್ನು ನಿಮ್ಮ ವೆಂಡರ್ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇದರಲ್ಲಿ ಒಂದು ಸೂಕ್ಷ್ಮವಿದೆ.

ಕೋಹಾದ ಲೈಸೆನ್ಸ್ ಜಿಪಿಎಲ್. ಅದರ ಪ್ರಕಾರ, ನಿಮ್ಮ ಕೈಗೆ ಸಾಫ್ಟ್‌ವೇರ್ ಕೊಟ್ಟವರು ಅದರ ಮೂಲ ಕೋಡನ್ನೂ ಕೊಡಬೇಕು. ಆದರೆ ವೆಂಡರ್ ಅದನ್ನು ತಮ್ಮ ಸರ್ವರ್‌ನಲ್ಲೇ ಇಟ್ಟುಕೊಂಡು, ನೀವು ಬ್ರೌಸರ್‌ನಲ್ಲಿ ತೆರೆದು ಬಳಸಿದರೆ? ಆಗ ಅವರು ನಿಮಗೆ ಸಾಫ್ಟ್‌ವೇರ್ ಕೊಟ್ಟ ಹಾಗಾಗುವುದಿಲ್ಲ. ಸೇವೆ ಕೊಟ್ಟ ಹಾಗಾಗುತ್ತದೆ. ಅವರು ಮಾಡಿದ ಬದಲಾವಣೆಗಳನ್ನು ನಿಮಗೆ ತೋರಿಸಲೇಬೇಕು ಎಂದು ಜಿಪಿಎಲ್ ಹೇಳುವುದಿಲ್ಲ. ಈ ಸಂದು ಮುಚ್ಚಲೆಂದೇ ಎಜಿಪಿಎಲ್ ಎಂಬ ಇನ್ನೊಂದು ಲೈಸೆನ್ಸ್ ಇದೆ. ಆದರೆ ಕೋಹಾಗೆ ಇರುವುದು ಜಿಪಿಎಲ್. ಅಂದರೆ ಹೆಸರಿಗೆ ಓಪನ್ ಸೋರ್ಸ್ ಬಳಸುತ್ತಾ, ನಿಜದಲ್ಲಿ ನೀವು ಬೀಗ ಹಾಕಿದ ಕೋಣೆಯಲ್ಲಿ ಇರಬಹುದು. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೂ ಇರುವುದಿಲ್ಲ.

ಇದರ ಬಿಸಿ ನಾನು ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಗರದ ಒಂದು ಕಾಲೇಜಿನ ಲೈಬ್ರರಿಯನ್ ನನಗೆ ಫೋನ್ ಮಾಡಿದರು. ಅವರಿಗೂ ಒಬ್ಬ ವೆಂಡರ್ ಹೀಗೇ ತಮ್ಮದೇ ಬದಲಾವಣೆ ಸೇರಿಸಿದ ಕೋಹಾ ಕೊಟ್ಟಿದ್ದರು. ಮೊದಲ ಎರಡು ವರ್ಷ ಎಲ್ಲ ಚೆನ್ನಾಗಿತ್ತು. ರಿಪೋರ್ಟುಗಳು ಕಾಲೇಜಿಗೆ ಬೇಕಾದ ನಮೂನೆಯಲ್ಲೇ ಬರುತ್ತಿದ್ದವು. ಆಮೇಲೆ ಅದನ್ನು ಬರೆದ ಹುಡುಗ ಕೆಲಸ ಬಿಟ್ಟ. ಹೊಸ ಆವೃತ್ತಿಗೆ ಹೋಗಲು ಆಗಲಿಲ್ಲ, ಯಾಕೆಂದರೆ ಅವನ ಬದಲಾವಣೆಗಳು ಮೂಲ ಕೋಹಾ ಜೊತೆ ಕೂಡಿಕೊಳ್ಳುತ್ತಿರಲಿಲ್ಲ. ಸುರಕ್ಷತೆಯ ತೇಪೆಗಳೂ ಬರಲಿಲ್ಲ. ವೆಂಡರ್ ಫೋನ್ ಎತ್ತುವುದು ಕಡಿಮೆಯಾಯಿತು. ಜಾಲವಿಳಾಸ ಕೂಡ ವೆಂಡರ್ ಹೆಸರಿನಲ್ಲೇ ಇತ್ತು. ನಾವು ಡೇಟಾ ಹೊರತೆಗೆಯಲು ಕೂತಾಗ ಪುಸ್ತಕಗಳ ವಿವರ ಬಂತು. ಆದರೆ ಯಾವ ವಿದ್ಯಾರ್ಥಿ ಯಾವ ಪುಸ್ತಕ ತೆಗೆದುಕೊಂಡಿದ್ದಾನೆ, ಎಷ್ಟು ದಂಡ ಬಾಕಿ ಎಂಬುದೆಲ್ಲ ಆ ಹುಡುಗ ತಾನೇ ಮಾಡಿಕೊಂಡಿದ್ದ ಬೇರೆ ಡೇಟಾಬೇಸ್ ಟೇಬಲ್‌ಗಳಲ್ಲಿತ್ತು. ಅದನ್ನು ಬಿಡಿಸುವುದರಲ್ಲಿ ನಾಲ್ಕು ತಿಂಗಳು ಹೋಯಿತು. ಆ ಲೈಬ್ರರಿಯನ್ ದಿನವೂ ಸಂಜೆ ಉಳಿದು, ಪುಸ್ತಕಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡಿದರು. ಅವರ ಆ ಸಂಜೆಗಳನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ನಿಮಗೆ ಹಾಗಾಗಬಾರದು.

ಹಾಗಾಗಿ ವೆಂಡರ್ ಜೊತೆ ಕೂತು ನಾಲ್ಕು ಮಾತು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಳಗ ಕೊಡುವ ಕೋಹಾವನ್ನೇ, ಬದಲಾವಣೆ ಇಲ್ಲದೆ ಹಾಕಬೇಕು. ವರ್ಷಕ್ಕೆ ಒಮ್ಮೆಯಾದರೂ ಹೊಸ ಆವೃತ್ತಿಗೆ ಏರಿಸಬೇಕು. ನಿಮಗಾಗಿ ಏನಾದರೂ ಹೊಸದು ಬರೆದರೆ ಅದನ್ನು ಮೂಲ ಬಳಗಕ್ಕೂ ಕಳಿಸಬೇಕು, ಆಗ ಮುಂದಿನ ಆವೃತ್ತಿಯಲ್ಲಿ ಅದು ತಾನಾಗಿಯೇ ಬರುತ್ತದೆ. ವಾರಕ್ಕೊಮ್ಮೆ ಪೂರ್ತಿ ಡೇಟಾಬೇಸ್ ನಕಲು ನಿಮ್ಮ ಕೈಗೆ ಬರಬೇಕು. ಜಾಲವಿಳಾಸ ಟ್ರಸ್ಟ್ ಹೆಸರಿನಲ್ಲೇ ಇರಬೇಕು ಎಂಬುದನ್ನು ಮಾತುಕತೆಗೇ ಬಿಡಬೇಡಿ, ಇವತ್ತೇ ನೀವೇ ಕೊಂಡುಬಿಡಿ. ಒಳ್ಳೆಯ ವೆಂಡರ್ ಇದಕ್ಕೆಲ್ಲ ಸಂತೋಷದಿಂದ ಒಪ್ಪುತ್ತಾರೆ. ಬೆಂಗಳೂರಿನಲ್ಲಿ ಅಂಥವರು ಇದ್ದಾರೆ. 60,000 ರೂಪಾಯಿ ಅವರ ಸಮಯಕ್ಕೆ ಕೊಡುವ ಬೆಲೆ ಎಂದರೆ ನನಗೆ ಜಾಸ್ತಿ ಅನ್ನಿಸುವುದಿಲ್ಲ. ಬಾಗಿಲಿನ ಕೀಲಿಗೆ ಕೊಡುವ ಬೆಲೆ ಎಂದರೆ ಖಂಡಿತ ಬೇಡ.

‘ಪುಕ್ಕಟೆ’ ಎಂದ ನಿಮ್ಮ ಅಣ್ಣನ ಮಗನಿಗೂ ಒಂದು ಮಾತು. ಲೈಸೆನ್ಸಿಗೆ ದುಡ್ಡಿಲ್ಲ, ನಿಜ. ಆದರೆ ಒಂದು ಸಾಧಾರಣ ಕಂಪ್ಯೂಟರ್, ಕರೆಂಟು ಹೋದಾಗ ಕಾಯುವ ಯುಪಿಎಸ್, ಕಲಿಯಲು ಎರಡು ಮೂರು ತಿಂಗಳು ಬೇಕೇ ಬೇಕು. ಕೋಹಾ ದಿನವೂ ತಾನಾಗಿ ಬ್ಯಾಕಪ್ ತೆಗೆಯುವಂತೆ ಹಾಕಬಹುದು. ಆದರೆ ಅದನ್ನು ಅದೇ ಯಂತ್ರದಲ್ಲಿ ಇಡುತ್ತದೆ. ಬೇರೆ ಕಡೆಗೆ ನಕಲು ಮಾಡುವ ಕೆಲಸ ಒಬ್ಬರ ಹೆಸರಿಗೆ ಬರೆದಿಡಿ.

ಈಗ ನಿಮಗೆ ಬಂದ ಖಾರದ ಉತ್ತರ. ನೀವು ಕಳಿಸಿದ ಪ್ರಶ್ನೆಯ ನಕಲನ್ನೂ ಪತ್ರದ ಜೊತೆ ಇಟ್ಟಿದ್ದೀರಿ. ‘ಸರ್, ಕೋಹಾದಲ್ಲಿ ಕನ್ನಡ ಸರಿಯಾಗಿ ಬರುತ್ತಿಲ್ಲ. ತುಂಬಾ ಅರ್ಜೆಂಟ್. ದಯವಿಟ್ಟು ಸರಿಮಾಡಿಕೊಡಿ.’ ಅದಕ್ಕೆ ಬಂದ ಉತ್ತರ ಸರಿಯಿರಲಿಲ್ಲ. ಮೊದಲ ಸಲ ಬಂದವರಿಗೆ ಹಾಗೆ ಹೇಳಬಾರದು. ಒಬ್ಬರು ಹಾಗೆ ಬರೆದರು ಎಂದು ಇಡೀ ಬಳಗವನ್ನು ಅಳೆಯಬೇಡಿ. ಅದೇ ಸಮಯಕ್ಕೆ, ಆ ಕಡೆ ಕೂತವರ ಸ್ಥಿತಿಯನ್ನೂ ನಿಮಗೆ ಹೇಳಬೇಕು. ಅದನ್ನು ಹೇಳಲು ಕೋಹಾ ಬಿಟ್ಟು ಇನ್ನೊಂದು ಕಥೆಗೆ ಹೋಗುತ್ತೇನೆ.

ಎಕ್ಸ್‌ಜೆಡ್ ಎಂಬ ಸಣ್ಣ ಸಾಫ್ಟ್‌ವೇರ್ ಇದೆ. ಕಡತಗಳನ್ನು ಕುಗ್ಗಿಸುವುದು ಅದರ ಕೆಲಸ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಓಡುವ ಯಂತ್ರಗಳಲ್ಲೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡದ್ದು ಲಾಸೆ ಕೊಲಿನ್ ಎಂಬ ಒಬ್ಬರೇ ಒಬ್ಬರು, ಸಂಬಳವಿಲ್ಲದೆ. 2022ರಲ್ಲಿ ಕೆಲವು ಹೆಸರುಗಳಿಂದ ಅವರ ಮೇಲೆ ಒತ್ತಡ ಬರತೊಡಗಿತು. ಯಾಕಿಷ್ಟು ನಿಧಾನ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು. ತಮ್ಮ ಮನಸ್ಸಿನ ಆರೋಗ್ಯ ಚೆನ್ನಾಗಿಲ್ಲ ಎಂದು ಅವರು ಹೇಳಿಕೊಂಡರೂ ಒತ್ತಾಯ ನಿಲ್ಲಲಿಲ್ಲ. ಆಗಲೇ ಜಿಯಾ ಟಾನ್ ಎಂಬ ಹೆಸರಿನವರು ಸಹಾಯಕ್ಕೆ ಬಂದಿದ್ದರು. ವಿನಯದ ಮಾತು, ಒಳ್ಳೆಯ ಕೆಲಸ. ನಿಧಾನವಾಗಿ ಜವಾಬ್ದಾರಿ ಅವರ ಕೈಗೆ ಬಂತು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅವರು ಹೊರಗಿನವರು ಗುಟ್ಟಾಗಿ ಯಂತ್ರದೊಳಗೆ ನುಗ್ಗಬಹುದಾದ ಒಂದು ಕಳ್ಳಬಾಗಿಲು ಇಟ್ಟಿದ್ದರು. ಆಂಡ್ರೆಸ್ ಫ್ರೋಯಿಂಡ್ ಎಂಬ ಇಂಜಿನಿಯರ್‌ಗೆ ತಮ್ಮ ಯಂತ್ರದಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅನ್ನಿಸಿತು. ಅವರು ಬೆನ್ನು ಹತ್ತಿ ಹೋಗಿ, 2024ರ ಮಾರ್ಚ್ 29ರಂದು ಗುಟ್ಟು ಬಯಲು ಮಾಡಿದರು. ಲೋಕದ ಬಹುಪಾಲು ಸರ್ವರ್‌ಗಳಿಗೆ ಅದು ತಲುಪುವ ಮೊದಲೇ ತಡೆಯಲಾಯಿತು. ಮೊದಲು ಒತ್ತಡ ಹಾಕಿದ ಆ ಹೆಸರುಗಳೂ ಇದೇ ಸಂಚಿನ ಭಾಗ ಎಂದು ಇದನ್ನು ಕೆದಕಿ ನೋಡಿದ ಹಲವರು ನಂಬುತ್ತಾರೆ.

ಈ ಕಥೆ ಕೇಳಿದಾಗಿನಿಂದ ಬಳಗದ ಜೊತೆ ಹೇಗೆ ಮಾತಾಡಬೇಕು ಎಂಬುದು ನನಗೆ ಬರೀ ಸೌಜನ್ಯದ ಪ್ರಶ್ನೆಯಾಗಿ ಉಳಿದಿಲ್ಲ. ದಣಿದ ಮನುಷ್ಯನ ಮೇಲೆ ‘ಅರ್ಜೆಂಟ್’ ಎಂದು ಹೇರಿದರೆ ಅವನು ಸೋಲುತ್ತಾನೆ. ಅವನು ಸೋತರೆ ಅಪಾಯ ನಮಗೇ. ನೀವು ಹಾಗೆ ಮಾಡಿದಿರಿ ಎಂದು ಹೇಳುತ್ತಿಲ್ಲ ಮೇಡಂ, ನಿಮಗೆ ನಿಜವಾಗಿ ತೊಂದರೆಯಿತ್ತು. ಆದರೆ ಆ ಕಡೆಯವರಿಗೆ ನಿಮ್ಮ ಪತ್ರ ಅಂದು ಬಂದ ಹತ್ತು ‘ಅರ್ಜೆಂಟ್’ಗಳಲ್ಲಿ ಒಂದಾಗಿ ಕಂಡಿರುತ್ತದೆ. ಅವರಿಗೆ ನಿಮ್ಮ ವಾಚನಾಲಯ ಕಾಣುವುದಿಲ್ಲ. ಕೋಹಾದ ಯಾವ ಆವೃತ್ತಿ, ಯಾವ ಪುಟದಲ್ಲಿ ಏನು ಒತ್ತಿದಾಗ ಏನಾಯಿತು, ಏನಾಗಬೇಕಿತ್ತು ಎಂದು ಬರೆದಿದ್ದರೆ ಅದೇ ಮನುಷ್ಯ ಕೂತು ಉತ್ತರ ಬರೆಯುವ ಸಾಧ್ಯತೆ ಎಷ್ಟೋ ಜಾಸ್ತಿ.

ನಮ್ಮವರಲ್ಲಿ ಇನ್ನೊಂದು ಅಭ್ಯಾಸವಿದೆ. ಎಲ್ಲರೆದುರು ಕೇಳಲು ಸಂಕೋಚ. ಯಾರೋ ಒಬ್ಬರ ಮೇಲ್ ವಿಳಾಸ ಹುಡುಕಿ ಅವರಿಗೇ ಬರೆಯುತ್ತೇವೆ. ಇಂಗ್ಲಿಷ್ ತಪ್ಪಾದೀತು ಎಂಬ ಹಿಂಜರಿಕೆಯೂ ಇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಎಲ್ಲರೆದುರೇ ಕೇಳಿ. ಕೋಹಾ ಬಳಗದಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ಬೇಕಾದಷ್ಟು ಜನ ಇದ್ದಾರೆ. ಒಬ್ಬರಿಗೆ ಗುಟ್ಟಾಗಿ ಕೇಳಿದ ಪ್ರಶ್ನೆಯ ಉತ್ತರ ಮುಂದಿನ ವರ್ಷ ತುಮಕೂರಿನ ಇನ್ನೊಬ್ಬ ಲೈಬ್ರರಿಯನ್‌ಗೆ ಸಿಗುವುದಿಲ್ಲ. ಪರಿಹಾರ ಸಿಕ್ಕ ಮೇಲೆ ‘ಸರಿಹೋಯಿತು, ಹೀಗೆ ಮಾಡಿದೆ’ ಎಂದು ಎರಡು ಸಾಲು ವಾಪಸ್ ಬರೆಯಿರಿ. ಹಾಗೆ ಬರೆಯುವವರು ಕಡಿಮೆ. ಬರೆದವರ ಹೆಸರು ಅವರಿಗೆ ನೆನಪಿರುತ್ತದೆ.

ಬಳಗದ ಒಳಜಗಳ ಮತ್ತೆ ಕಣ್ಣಿಗೆ ಬಿದ್ದರೆ ಮೊದಲ ಆರು ತಿಂಗಳು ಯಾರ ಪಕ್ಷವನ್ನೂ ಹಿಡಿಯಬೇಡಿ. ಹೊಸದಾಗಿ ಬಂದವರಿಗೆ ಅದರ ಹಿಂದಿನ ಹತ್ತು ವರ್ಷದ ಕಥೆ ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಇರುವುದರಿಂದ ನಿಮಗೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳಿ. ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಇಲ್ಲಿ ಕಟ್ಟಿದ, ಲೈಬ್ರರಿ ವಿಜ್ಞಾನ ಕಲಿಸುವ ಡಿಆರ್‌ಟಿಸಿಯಲ್ಲಿ ಕಲಿತ ಲೈಬ್ರರಿಯನ್‌ಗಳು ಈ ಊರಲ್ಲಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಮುಕ್ತ ಸಾಫ್ಟ್‌ವೇರ್ ಬಳಸಿ ತನ್ನ ಸಂಶೋಧನಾ ಬರಹಗಳ ಭಂಡಾರ ತೆರೆದಿತ್ತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಆಮೇಲೆ ಫಾಸ್ ಡಾಟ್ ಇನ್ ಎಂದು ಹೆಸರಾದ ಸಮಾವೇಶದಲ್ಲಿ ಪಳಗಿದ ಒಂದು ತಲೆಮಾರು ಇಲ್ಲೇ ಇದೆ. ಈಗ ಫಾಸ್ ಯುನೈಟೆಡ್, ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಗುಂಪುಗಳಿವೆ. ಅವರ ಕೂಟಕ್ಕೆ ಒಂದು ಶನಿವಾರ ಹೋಗಿ. ಜೊತೆಗೆ, ಕೋಹಾ ಬಳಸುವ ಒಂದು ಕಾಲೇಜಿನ ಲೈಬ್ರರಿಗೆ ಹೋಗಿ ಅರ್ಧ ದಿನ ಕೌಂಟರ್ ಪಕ್ಕ ಕೂರಿ. ಅಲ್ಲಿನವರು ಏನಕ್ಕೆ ಗೊಣಗುತ್ತಾರೆ ಎಂಬುದರಲ್ಲಿ ಎಲ್ಲ ಇರುತ್ತದೆ.

ಕೊನೆಯದಾಗಿ ನಿಮ್ಮ ಕನ್ನಡ ಪಟ್ಟಿ. ನಿಮಗೆ ಕನ್ನಡ ‘ಸರಿಯಾಗಿ ಬರದಿದ್ದುದು’ ಕೋಹಾದ ದೋಷವಲ್ಲ ಎಂದು ನೀವು ಪತ್ರದ ಜೊತೆ ಕಳಿಸಿದ ಪರದೆಯ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಹಳೆಯ ನುಡಿ ಕಡತದಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ತೆಗೆದರೆ ಗೊಜಲು. ಮೊದಲು ಅದನ್ನು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಪದ್ಧತಿಗೆ ಬದಲಿಸಬೇಕು. ಬದಲಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಆದರೆ ಇಂಗ್ಲಿಷ್ ಪುಸ್ತಕಗಳ ಸಾಲುಗಳನ್ನು ಮೊದಲೇ ಬೇರೆ ಮಾಡಿ. ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿ ಬದಲಾಗುತ್ತವೆ. ಮೊದಲ 200 ಸಾಲುಗಳನ್ನು ಕಣ್ಣಾರೆ ಓದಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ವಿಶೇಷವಾಗಿ ನೋಡಿ.

ಆಮೇಲೆ ಆ 200 ಪುಸ್ತಕಗಳನ್ನು ಮಾತ್ರ ಕೋಹಾಗೆ ಹಾಕಿ ಹುಡುಕಿ ನೋಡಿ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬರುತ್ತದೆ. ಝೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಹೆಸರು. ಅದಿಲ್ಲದೆ ಬರೆದರೆ ‘ರಾಜ್ಕುಮಾರ್’ ಆಗುತ್ತದೆ. ನಮಗೆ ಎರಡೂ ಒಂದೇ ಹೆಸರು, ಯಂತ್ರಕ್ಕೆ ಬೇರೆ ಬೇರೆ. ಹಾಗೆಯೇ ‘ಕೊ’ ಅಕ್ಷರದ ಗುಣಿತ ಒಂದೇ ಚಿಹ್ನೆಯಾಗಿಯೂ ಇರಬಹುದು, ಎರಡು ತುಂಡಾಗಿಯೂ ಇರಬಹುದು. ನೋಡಲು ಎರಡೂ ಒಂದೇ. ಒಂದು ರೀತಿ ಬರೆದು ಹುಡುಕಿದಾಗ ಇನ್ನೊಂದು ರೀತಿ ಬರೆದ ಪುಸ್ತಕ ಸಿಗದಿದ್ದರೆ, ಅದನ್ನು ಬಳಗಕ್ಕೆ ವರದಿ ಮಾಡಿ. ಅಲ್ಲಿನ ಬಹುತೇಕರಿಗೆ ಕನ್ನಡ ಓದಲು ಬರುವುದಿಲ್ಲ. ಎರಡೂ ರೂಪವನ್ನು ಟೈಪ್ ಮಾಡಿ, ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆ ಪಕ್ಕದಲ್ಲಿ ಬರೆಯಿರಿ. ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ಹೇಳಿ. ನಿಮಗೆ ಖಾರವಾಗಿ ಬರೆದ ಅದೇ ಮನುಷ್ಯ ಅದನ್ನು ಓದುತ್ತಾರೆ ಎಂದುಕೊಂಡೇ ಬರೆಯಿರಿ, ಅವರಿಗೆ ಮತ್ತೆ ಕೇಳಬೇಕಾದ ಯಾವ ಪ್ರಶ್ನೆಯೂ ಉಳಿಯದ ಹಾಗೆ.